ಅತ್ತಿಗೆ ಆರಿಸಿದ ಮೂರು ಚಕ್ರ

ನಮ್ಮ ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳುವ ಧೈರ್ಯ ನನಗಿಲ್ಲ! ಅವರು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮೊದಲು ಒಂದು ಸೂಜಿ ಚುಚ್ಚಿ, ನಗುನಗುತ್ತಾ "ಹತ್ತರಿಂದ ಹಿಂದಕ್ಕೆ ಎಣಿಸಿ ನೋಡೋಣ" ಎಂದು ಹೇಳಿ, ಏಳಕ್ಕೆ ಬರುವಷ್ಟರಲ್ಲಿ ಎಂಥ ಪೈಲ್ವಾನನನ್ನೂ ಮಲಗಿಸಿಬಿಡುವವರು. ಅಂಥವರನ್ನು ಎದುರು ಹಾಕಿಕೊಳ್ಳುವುದುಂಟೆ? ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ತಲೆಯ ವಿಚಾರ ನೀವೇ ತೀರ್ಮಾನ ಮಾಡಿ.

ಅಣ್ಣ, ಅತ್ತಿಗೆ ಇರುವುದು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ. ನಾನಿರುವುದು ಈ ದೇಶದ ಇನ್ನೊಂದು ತುದಿ, ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ. ಅತ್ತಿಗೆಯ ಕೈಗೆ ಸಿಗದಿರಲು ಇಷ್ಟು ದೂರ ಸಾಕು ಎಂದುಕೊಂಡಿದ್ದೆ. ಒಂದು ಭಾನುವಾರ ಫೋನ್ ಬಂತು. ಅವರಿಗೆ ಬೆಳಗಿನ ಏಳು ಗಂಟೆ ಎಂದರೆ ನನಗೆ ಐದು. ಈ ಲೆಕ್ಕವನ್ನು ಅವರು ಇವತ್ತಿನವರೆಗೂ ಒಪ್ಪಿಲ್ಲ.

"ಲೋ, ನಿಮ್ಮನೆ ಹತ್ರ ಯಾರೋ ಮೂರು ಚಕ್ರದ ಗಾಡಿ ಮಾರ್ತಿದಾರೆ. ಹೋಗಿ ನೋಡ್ಕೊಂಡ್ ಬಾ."

"ಆಟೋರಿಕ್ಷಾನಾ ಅತ್ತಿಗೆ?"

"ಆಟೋ ಅಲ್ವೋ! ಮರಳಲ್ಲಿ, ಕೆಸರಲ್ಲಿ ಓಡಿಸೋದು. ಬಲೂನ್ ಥರ ಟೈರು ಇರತ್ತಲ್ಲ, ಎಂಬತ್ತರ ದಶಕದ್ದು. ಹಳೇದೊಂದು ತಂದು, ಪೂರ್ತಿ ಬಿಚ್ಚಿ, ಮತ್ತೆ ಹೊಸದರ ಹಾಗೆ ಜೋಡಿಸ್ಬೇಕು ಅಂತಿದೀನಿ."

"ಜೋಡಿಸೋದು ಯಾರು?"

"ಯಾರು ಅಂದ್ರೆ? ನಾನೇ!"

ನನಗೆ ಇದ್ದ ನಿದ್ದೆಯೆಲ್ಲ ಹಾರಿಹೋಯಿತು. ನಮ್ಮ ಅತ್ತಿಗೆ ಮಿಕ್ಸಿ ತಿರುಗದಿದ್ದರೆ ಸ್ವಿಚ್ ಹಾಕಿದೆಯೋ ಇಲ್ಲವೋ ಎಂದು ಕೂಡ ನೋಡದೆ ಹೊಸ ಮಿಕ್ಸಿ ತರುವವರು. ಕಾರಿನ ಬಾನೆಟ್ ಎಲ್ಲಿಂದ ತೆಗೆಯುವುದೆಂದು ಸರ್ವೋದಲ್ಲಿ, ಅಂದರೆ ನಮ್ಮ ಪೆಟ್ರೋಲ್ ಬಂಕಿನಲ್ಲಿ, ಕೇಳಿ ತಿಳಿದುಕೊಂಡವರು. ಇನ್ನು ಆ ಮೂರು ಚಕ್ರದ ಗಾಡಿಯೋ, ಸ್ವಲ್ಪ ಜೋರಾಗಿ ತಿರುಗಿಸಿದರೆ ಮಗುಚಿಕೊಳ್ಳುತ್ತದೆ ಎಂದು ಕಂಪನಿಗಳೇ ತಯಾರಿಸುವುದನ್ನು ನಿಲ್ಲಿಸಿಬಿಟ್ಟ ಮಹಾನುಭಾವ! ಅಣ್ಣನ ಮಗಳು ಅಲ್ಲೇ ಇಂಡೂರೂಪಿಲ್ಲಿಯ ಹತ್ತಿರ ರೂಮು ಮಾಡಿಕೊಂಡು ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಅವಳು ನನಗೆ ಫೋನ್ ಮಾಡಿ ಗೋಳಾಡಿದಳು. "ಚಿಕ್ಕಪ್ಪಾ, ಪ್ಲೀಸ್ ಸ್ಟಾಪ್ ಹರ್. ಇಟ್ಸ್ ಲಿಟರಲಿ ಎ ಡೆತ್ ಟ್ರ್ಯಾಪ್!"

ಹೋಗಲಿ, ಮನೆಯ ಪರಿಸ್ಥಿತಿಯಾದರೂ ಇಂಥ ಹುಚ್ಚಾಟಕ್ಕೆ ತಕ್ಕುದಾಗಿತ್ತೇ? ಹಿಂದಿನ ವರ್ಷ ಅಣ್ಣನಿಗೆ ಬೈಪಾಸ್ ಆಗಿತ್ತು. ಅವತ್ತು ಅತ್ತಿಗೆಯೂ ನಮ್ಮಂತೆ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದರು. ಸ್ವಂತ ಗಂಡನಿಗೆ ಅವರು ಅರಿವಳಿಕೆ ಕೊಡುವ ಹಾಗಿಲ್ಲವಂತೆ. ಊರಿನವರ ನಾಡಿಯೆಲ್ಲ ನೋಡಿದವರು, ಒಳಗೆ ಇನ್ಯಾರೋ ಅಣ್ಣನ ನಾಡಿ ನೋಡುತ್ತಿರುವಾಗ, ತಮ್ಮ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. "ನಡೀರಿ, ಕೆಲಸ ಮಾಡಿ, ಮೆಟ್ಟಿಲು ಹತ್ತಿ" ಎಂದು ಡಾಕ್ಟರುಗಳು ಹೇಳಿ ಕಳಿಸಿದರು. ಆದರೆ ಅಣ್ಣ ಮನೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ. ಅವನು ಮೆಕ್ಯಾನಿಕಲ್ ಎಂಜಿನಿಯರು. ನೆರೆಮನೆಯವರ ಹುಲ್ಲು ಕತ್ತರಿಸುವ ಮಿಷನ್ನು ಕೆಮ್ಮಿದರೂ ಸ್ಪ್ಯಾನರ್ ಹಿಡಿದು ಓಡುತ್ತಿದ್ದವನು. ಈಗ ಕಾಫಿ ಲೋಟವನ್ನೂ ಎರಡು ಕೈಯಲ್ಲಿ, ಎದೆಗೆ ನೋವಾದೀತೆಂಬ ಹೆದರಿಕೆಯಿಂದ, ಮೆಲ್ಲಗೆ ಎತ್ತುತ್ತಿದ್ದ. ಏನು ಕೇಳಿದರೂ "ಹೂಂ". ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇವನು ಇನ್ನು ಹೀಗೇ ಕೂತುಬಿಡುತ್ತಾನೇನೋ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು. ಇಂಥ ಹೊತ್ತಿನಲ್ಲಿ ಹೆಂಡತಿಗೆ ಗಾಡಿಯ ಶೋಕಿ! ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಸಿಟ್ಟು ಬಂದರೂ ಹೋದೆ. ಧೈರ್ಯದ ಬಗ್ಗೆ ಮೊದಲೇ ಹೇಳಿದ್ದೇನಲ್ಲ!

ಪರ್ತ್‌ನ ಗಾಡಿ ಕೆಂಪಗೆ, ಫಳಫಳ ಹೊಳೆಯುತ್ತಾ, ಮದುವೆಮನೆಗೆ ಹೊರಟು ನಿಂತಂತಿತ್ತು. ನಾನು ವಿಡಿಯೋ ಕಾಲ್ ಮಾಡಿದೆ. ಅತ್ತಿಗೆಯ ಪ್ರಶ್ನೆಗಳು ಶುರುವಾದವು.

"ಹತ್ರ ಹಿಡಿಯೋ. ಉಸಿರಾಟ ಹೇಗಿದೆ? ಹೊಗೆ ಯಾವ ಬಣ್ಣ? ಎಲ್ಲಾದ್ರೂ ಒಸರ್ತಾ ಇದ್ಯಾ?"

ಇಂಥ ಗಾಡಿಗಳಿಗೆ, ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ಟಿಗೆ ಇರುವಂತೆ, ಸ್ಟಾರ್ಟ್ ಮಾಡಲು ಎಳೆಯುವ ಹಗ್ಗ ಇರುತ್ತದೆ. ಮಾರುವವನು ಒಂದೇ ಸಲ ಎಳೆದ, ಎಂಜಿನ್ ಗುರ್ರೆಂದು ಎದ್ದಿತು. ಅತ್ತಿಗೆ ಫೋನನ್ನು ಅಣ್ಣನ ಕಡೆ ತಿರುಗಿಸಿ, "ರೀ, ಹೇಗಿದೆ?" ಎಂದರು.

"ಹೂಂ," ಎಂದ ಅಣ್ಣ.

"ಬೇಡ ಕಣೋ," ಎಂದರು ಅತ್ತಿಗೆ.

"ಯಾಕತ್ತಿಗೆ? ಏನಾಗಿದೆ ಇದಕ್ಕೆ?"

"ಏನೂ ಆಗಿಲ್ವಲ್ಲೋ, ಅದಕ್ಕೇ!"

ಮಾರುವವನು ಗಾಬರಿಯಿಂದ, "ವಾಟ್ಸ್ ರಾಂಗ್ ವಿತ್ ಇಟ್, ಮೇಟ್?" ಎಂದು ಕೇಳಿದ. ಸರಿಯಾಗಿರುವುದೇ ಸರಿಯಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಾನು ಥ್ಯಾಂಕ್ಯೂ ಹೇಳಿ ಕಾರು ಹತ್ತಿದೆ.

ಎರಡನೆಯದು ಅಡಿಲೇಡಿನದು. ಅಲ್ಲಿ ನೆಂಟರ ಮನೆಯಲ್ಲಿ ನಿಶ್ಚಿತಾರ್ಥವಿತ್ತು. ಅಣ್ಣನನ್ನು ಮಗಳ ಜೊತೆ ಬಿಟ್ಟು ಅತ್ತಿಗೆಯೊಬ್ಬರೇ ಬಂದಿದ್ದರು. ಒಬ್ಬಟ್ಟಿನ ಊಟ ಮುಗಿದು ಎಲ್ಲರೂ ತೂಕಡಿಸುತ್ತಿರುವಾಗ ಬಂದು ನನ್ನ ತೋಳು ಹಿಡಿದು, "ಏಳೋ, ಈ ಆರ್ವೋನೇ ನೋಡ್ಕೊಂಡ್ ಬಂದ್ಬಿಡೋಣ" ಎಂದರು. ಮಧ್ಯಾಹ್ನಕ್ಕೆ ಇಲ್ಲಿಯವರು ಆರ್ವೋ ಎನ್ನುತ್ತಾರೆ. ಮೈಸೂರು ರೇಷ್ಮೆ ಸೀರೆಯುಟ್ಟು ಆರ್ವೋ ಎನ್ನುವವರು ಮಾತ್ರ ನಮ್ಮ ಅತ್ತಿಗೆಯೊಬ್ಬರೇ ಇರಬೇಕು.

ದ್ರಾಕ್ಷಿ ತೋಟಗಳನ್ನು ದಾಟಿ ಒಂದು ತಗಡಿನ ಶೆಡ್ಡಿಗೆ ಹೋದೆವು. ಅತ್ತಿಗೆ ಸೆರಗು ಸಿಕ್ಕಿಸಿ, ವ್ಯಾನಿಟಿ ಬ್ಯಾಗಿನಿಂದ ಸ್ಟೆತಾಸ್ಕೋಪ್ ತೆಗೆದು ಎಂಜಿನ್ನಿನ ಮೇಲೆ ಇಟ್ಟರು! ಗಾಡಿಯ ಮಾಲೀಕ, ಬಿಳಿ ಗಡ್ಡದ ಮುದುಕ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಶೀ ಎ ಡಾಕ್ಟರ್?" ಎಂದು ನನ್ನನ್ನು ಮೆಲ್ಲಗೆ ಕೇಳಿದ. ಹೌದು ಎಂದದ್ದೇ ತಪ್ಪಾಯಿತು. ಅವನು ಪ್ಯಾಂಟು ಮಡಚಿ ಮಂಡಿ ತೋರಿಸಿದ. ಗಾಡಿಗಿಂತ ಹೆಚ್ಚು ಹೊತ್ತು ಮಂಡಿಯ ತಪಾಸಣೆ ನಡೆಯಿತು.

ಆಮೇಲೆ ವಿಡಿಯೋ ಕಾಲ್. ಎಂಜಿನ್ ಗಟ್ಟಿಮುಟ್ಟಾಗಿತ್ತು, ಸೀಟನ್ನು ಇಲಿ ತಿಂದಿತ್ತು, ಹಿಂದಿನ ಆಕ್ಸಲ್ ಸೊಟ್ಟಗಾಗಿತ್ತು. ಅತ್ತಿಗೆ ಎಂಜಿನ್ ಪಕ್ಕದ ಒಂದು ಭಾಗಕ್ಕೆ ಬೆರಳಿಟ್ಟು, "ರೀ, ಇದೇ ಅಲ್ವಾ ಪೆಟ್ರೋಲ್ ಟ್ಯಾಂಕು?" ಎಂದರು.

ಅಣ್ಣ ಫೋನಿನ ಹತ್ತಿರಕ್ಕೆ ಮುಖ ತಂದು ನೋಡಿದ. ಆಮೇಲೆ, "ಅದು ಕಾರ್ಬ್ಯುರೇಟರ್," ಎಂದ.

ಅತ್ತಿಗೆ ಫೋನ್ ಇಟ್ಟು, "ಇದೂ ಬೇಡ," ಎಂದರು. "ಇದು ಎರಡು ವಾರದಲ್ಲಿ ಸರಿಹೋಗ್ಬಿಡತ್ತೆ. ನಂಗೆ ಸಾಲಲ್ಲ."

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವರು ಹಳೆಯದನ್ನು ನೆನೆಸಿಕೊಂಡರು. ಈ ದೇಶಕ್ಕೆ ಬಂದ ಹೊಸತರಲ್ಲಿ ಅತ್ತಿಗೆಗೆ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ಕೆಲಸ, ಅಣ್ಣನಿಗೆ ಎಲ್ಲೂ ಕೆಲಸವಿಲ್ಲ. ಅವನು ಇಡೀ ದಿನ ಮನೆಯಲ್ಲಿ ಕಿಟಕಿ ನೋಡುತ್ತಾ ಕೂರುತ್ತಿದ್ದನಂತೆ. ಪಕ್ಕದ ಫಾರ್ಮಿನವನು ಕುರಿ ಅಟ್ಟುವ ಮೂರು ಚಕ್ರದ ಗಾಡಿ ಕೆಟ್ಟು ನಿಂತಿದೆಯೆಂದು ಒಂದು ದಿನ ಬೇಲಿಯ ಬಳಿ ನಿಂತು ಗೊಣಗಿದನಂತೆ. ಅಣ್ಣ ಬೇಲಿ ಹಾರಿ ಹೋಗಿ ಅದನ್ನು ಬಿಚ್ಚಿ ಹರವಿಕೊಂಡನಂತೆ.

"ಅವತ್ತು ಡ್ಯೂಟಿ ಮುಗಿಸಿ ಬಂದಾಗ ದೂರದಿಂದ್ಲೇ ಕೇಳ್ತಿತ್ತು ಕಣೋ, ನಿಮ್ಮಣ್ಣ ಶಿಳ್ಳೆ ಹಾಕ್ತಿದ್ದಿದ್ದು," ಎಂದು ಹೇಳಿ ಅತ್ತಿಗೆ ಕಾರಿನ ಹೊರಗೆ ನೋಡತೊಡಗಿದರು.

ಮೂರನೆಯದು ಬ್ರಿಸ್ಬೇನಿನಲ್ಲೇ ಸಿಕ್ಕಿತು. ನಾನು ಆಯುಧಪೂಜೆಗೆಂದು ಹೋದಾಗ ಅದು ಆಗಲೇ ಗ್ಯಾರೇಜಿಗೆ ಬಂದಿತ್ತು. ಬಂದಿತ್ತು ಎಂದರೆ, ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಿತ್ತು! ತುಕ್ಕು ಹಿಡಿದ ಒಂದು ಚೌಕಟ್ಟು, ಮೂರು ಟೈರು, ಉಳಿದದ್ದೆಲ್ಲ ಬಿಡಿಬಿಡಿ. ಅದು ಒಂದು ಗಾಡಿಯೋ, ಮೂರು ಗಾಡಿಗಳ ಅಸ್ಥಿಯೋ ಮಾರಿದವನಿಗೇ ಗೊತ್ತಿರಲಿಲ್ಲವಂತೆ. ಅತ್ತಿಗೆ ಅವನ್ನೆಲ್ಲ ಹಸಿರು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಆಪರೇಷನ್ ಥಿಯೇಟರ್ ಮಾಡಿಟ್ಟಿದ್ದರು.

"ಅತ್ತಿಗೆ, ಪರ್ತ್‌ದು ಓಡ್ತಾ ಇತ್ತು. ಅಡಿಲೇಡ್‌ದು ಓಡೋ ಹಾಗಿತ್ತು. ಇದು ಕೂತ್ಕೊಳ್ಳೋ ಹಾಗೂ ಇಲ್ವಲ್ಲ!"

"ಸುಮ್ನೆ ನಿಂಬೆಹಣ್ಣು ತಗೊಂಡ್ ಬಾ."

ಚೌಕಟ್ಟಿಗೆ ಚಕ್ರಗಳನ್ನು ಅವರೇ ಸಿಕ್ಕಿಸಿದ್ದರು. ಅರಿಸಿನ ಕುಂಕುಮವಾಯಿತು, ಮನೆ ಮುಂದೆ ಉದುರಿದ್ದ ಜಕರಂಡ ಹೂವು ಏರಿಸಿದ್ದಾಯಿತು, ಒಂದೊಂದು ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು. ಮಂಗಳಾರತಿಗೆ ಮನೆಯ ಯಜಮಾನ ಬರಬೇಕಲ್ಲ! ಮಗಳು ಅಣ್ಣನನ್ನು ಕೈಹಿಡಿದು ಕರೆತಂದಳು. ಅವನು ಬಾಗಿಲಿನಲ್ಲೇ ನಿಂತ. ಅತ್ತಿಗೆ ಗಂಟೆ ಅಲ್ಲಾಡಿಸಿದರು.

"ಮುಂದಿನ ಟೈರು ಉಲ್ಟಾ," ಎಂದ ಅಣ್ಣ.

ಅತ್ತಿಗೆ ತಿರುಗಿಯೂ ನೋಡಲಿಲ್ಲ. "ಹೋಗ್ರೀ, ದುಂಡಗಿರೋದ್ರಲ್ಲಿ ಉಲ್ಟಾ ಯಾವ್ದು, ಸೀದಾ ಯಾವ್ದು?"

"ಬಾಣದ ಗುರುತು ಹಾಕಿದಾರಲ್ಲೇ, ಅಂಗೈ ಅಗಲ! ಕಣ್ಣು ಕಾಣಲ್ವಾ ನಿಂಗೆ?" ಅಣ್ಣ ಒಂದು ಹೆಜ್ಜೆ ಒಳಗೆ ಬಂದ. "ಆ ಚೈನ್ ಯಾಕೆ ಹಾರದ ಥರ ನೇತಾಕಿದೀಯ? ಅಯ್ಯೋ, ಪಿಸ್ಟನ್ನಿಗೆ ಕುಂಕುಮ ಹಚ್ತಾರೇನೇ ಯಾರಾದ್ರೂ! ಆ ಕಡೆ ಸರಿ ನೀನು. ಸ್ಪ್ಯಾನರ್ ಎಲ್ಲಿ? ಹದಿನೇಳು ನಂಬರಿಂದು ಎಲ್ಲಿ? ನಾನಿಟ್ಟ ಜಾಗದಲ್ಲಿ ಒಂದೂ ಇಲ್ವಲ್ಲೇ!"

ಅದೇನು ಬೈಗುಳ ಸ್ವಾಮಿ! ಅಷ್ಟು ಹಿತವಾದ ಬೈಗುಳವನ್ನು ನಾನು ಜನ್ಮದಲ್ಲೇ ಕೇಳಿರಲಿಲ್ಲ. ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಮಗಳು ನನ್ನ ಕೈ ಹಿಂಡುತ್ತಾ, "ಚಿಕ್ಕಪ್ಪಾ, ಹೀ ಈಸ್ ಯೆಲ್ಲಿಂಗ್! ಅಪ್ಪ ಈಸ್ ಯೆಲ್ಲಿಂಗ್!" ಎಂದು ಅತ್ತಳು. ಮಂಗಳಾರತಿ ತಟ್ಟೆ ಮೂಲೆಗೆ ಹೋಯಿತು. ಅಣ್ಣ ನೆಲದ ಮೇಲೆ ಕೂತು ಮುಂದಿನ ಚಕ್ರ ಬಿಚ್ಚತೊಡಗಿದ.

ಅಡುಗೆಮನೆಯಲ್ಲಿ ಅತ್ತಿಗೆಯನ್ನು ಹಿಡಿದೆ. "ನಿಜ ಹೇಳಿ, ಆ ಬಾಣ ನಿಮಗೆ ಕಂಡಿರಲಿಲ್ವಾ?"

"ಕೊಯ್ಯೋದು ಎಡಗಾಲಾ ಬಲಗಾಲಾ ಅಂತ ಥಿಯೇಟರಲ್ಲಿ ಸರ್ಜನ್ನುಗಳನ್ನೇ ಕೇಳೋಳು ಕಣೋ ನಾನು. ಬಾಣ ಕಾಣಲ್ವಾ?" ಎಂದು ಪಾಯಸ ತಿರುವಿದರು. "ಚೆನ್ನಾಗಿರೋ ಗಾಡಿ ತಂದಿದ್ರೆ ಕಿಟಕಿಯಿಂದ್ಲೇ ನೋಡಿ ಹೂಂ ಅಂತಿದ್ರು."

ಆಮೇಲೆ ಪರ್ತ್‌ಗೆ ಬರುತ್ತಿದ್ದ ಫೋನುಗಳಲ್ಲಿ ಹಿಂದಿನಿಂದ ಅಣ್ಣನ ಕೂಗಾಟ ಕೇಳಿಸುತ್ತಿತ್ತು. ಕೆಲವು ಸಲ ಶಿಳ್ಳೆಯೂ ಕೇಳಿಸಿತು. ಐದು ಗಂಟೆಗೆ ಎಬ್ಬಿಸಿದರೂ ನಾನು ಬೇಸರಪಡುತ್ತಿರಲಿಲ್ಲ. ಯಾರೂ ಓಡಿಸಕೂಡದೆಂದು ಮಗಳು ಆಣೆ ಹಾಕಿಸಿಕೊಂಡಳು. "ಓಡಿಸೋದು ಯಾರಿಗೆ ಬೇಕಾಗಿದೆ," ಎಂದು ಇಬ್ಬರೂ ಒಪ್ಪಿದರಂತೆ.

ಕ್ರಿಸ್‌ಮಸ್ ರಜೆಗೆ ಹೋದಾಗ ಗಾಡಿ ಸಿದ್ಧವಾಗಿ ನಿಂತಿತ್ತು. ಸ್ಟಾರ್ಟ್ ಮಾಡುವುದೊಂದೇ ಬಾಕಿ. ಆದರೆ ಹಗ್ಗ ಎಳೆಯಬೇಕು. ಅಣ್ಣ ಎಲ್ಲ ಕೆಲಸ ಮಾಡಿದ್ದ, ಹಗ್ಗ ಮಾತ್ರ ಮುಟ್ಟಿರಲಿಲ್ಲ. ಎದೆಯ ಮೂಳೆಯನ್ನು ತಂತಿ ಹಾಕಿ ಕೂಡಿಸಿದ್ದಾರೆ ಎಂಬುದು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಅದೆಲ್ಲ ಕೂಡಿಕೊಂಡು ಗಟ್ಟಿಯಾಗಿದೆ, ಎಳೆಯಬಹುದು ಎಂದು ಅವನ ಡಾಕ್ಟರೇ ಹೇಳಿದ್ದರೂ ಕೈ ಮುಂದೆ ಹೋಗುತ್ತಿರಲಿಲ್ಲ.

ಅತ್ತಿಗೆ ಎಳೆದರು, ಆಗಲಿಲ್ಲ. ಮಗಳು ಎಳೆದಳು. ನಾನು ಎಳೆದೆ, ನನ್ನ ಸೊಂಟ ಸ್ಟಾರ್ಟ್ ಆಯಿತು, ಗಾಡಿ ಆಗಲಿಲ್ಲ! ಅಣ್ಣ ಎದೆಯ ಮೇಲೆ ಅಂಗೈ ಇಟ್ಟುಕೊಂಡು ನೋಡುತ್ತಿದ್ದ. ಆಮೇಲೆ ಆ ಕೈ ಕೆಳಗಿಳಿಯಿತು.

"ಸರೀರಿ ಎಲ್ರೂ," ಎಂದ.

ನಾವು ಸರಿದೆವು. ಅತ್ತಿಗೆ ಬೇಡ ಎನ್ನಲಿಲ್ಲ. "ನಿಧಾನ ರೀ," ಎಂದಷ್ಟೇ ಹೇಳಿ ಅವನ ಪಕ್ಕಕ್ಕೆ ಹೋಗಿ ನಿಂತರು.

ಒಂದು ಸಲ ಎಳೆದ. ಏನೂ ಇಲ್ಲ. ಉಸಿರು ಎಳೆದುಕೊಂಡು ಇನ್ನೊಂದು ಸಲ ಎಳೆದ. ಢಮಢಮ ಎಂದು ಗ್ಯಾರೇಜೇ ಅದುರಿ, ನೀಲಿ ಹೊಗೆಯೆದ್ದು, ಎದುರುಮನೆಯ ನಾಯಿ ಬೊಗಳಿತು! ಮಗಳು ಕುಣಿದಳು, ನಾನು ಸೊಂಟ ಮರೆತು ಕುಣಿದೆ. ಗೆದ್ದುಬಿಟ್ಟಿರಿ ಅತ್ತಿಗೆ ಎಂದು ಹೇಳೋಣವೆಂದು ತಿರುಗಿದೆ.

ಅತ್ತಿಗೆ ಗಾಡಿಯನ್ನು ನೋಡುತ್ತಿರಲಿಲ್ಲ. ಅಣ್ಣನ ಇನ್ನೊಂದು ಕೈಯನ್ನು ಹಿಡಿದು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಅವನ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದರು. ಆಪರೇಷನ್ನಿನ ದಿನ ಬಾಗಿಲಾಚೆ ಯಾರಿಗೋ ಬಿಟ್ಟುಕೊಟ್ಟಿದ್ದ ಕೆಲಸವನ್ನು ಈಗ ತಾವೇ ಮಾಡುತ್ತಿದ್ದರು. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು.

"ಗಾಡಿ ನೋಡೇ!" ಎಂದು ಅಣ್ಣ ಆ ಸದ್ದಿನಲ್ಲೂ ಕೇಳಿಸುವಂತೆ ಗದರಿದ. "ನನ್ನನ್ನೇನು ನೋಡ್ತೀಯ?"

"ನೋಡ್ತಿದೀನ್ರೀ," ಎಂದರು ಅತ್ತಿಗೆ. ಅವನು ಎಂಜಿನ್ ಆರಿಸಿದ ಮೇಲೂ ಆ ಕೈ ಬಿಡಲಿಲ್ಲ.