ಎಣ್ಣೆ ಹಚ್ಚದ ತಲೆಗಳು

ಚರ್ಮದ ಪಾಠ ಬಂತು ಅಂದರೆ ನನ್ನ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಹೃದಯದ ಪಾಠಕ್ಕೆ ಯಾರೂ ತಕರಾರು ತೆಗೆಯಲ್ಲ, ಕಿಡ್ನಿಗೆ ಯಾರೂ ಜಗಳಕ್ಕೆ ಬರಲ್ಲ. ಚರ್ಮದೊಳಗೆ ಎಣ್ಣೆ ಒಸರುವ ಗ್ರಂಥಿಗಳಿವೆ ಅಂತ ಬಾಯಿಬಿಟ್ಟರೆ ಸಾಕು, ಏನಾದರೊಂದು ಆಗೇ ಆಗುತ್ತದೆ.

ತೊಂಬತ್ತರ ದಶಕದ ಮಾತು. ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಸೈನ್ಸ್ ಮಿಸ್ಸು. ಮನೆ ನಂಜನಗೂಡು. ದಿನಾ ಎರಡು ಬಸ್ಸು ಹತ್ತಿ ಇಳಿದು ಸೊಂಟ ಬಿದ್ದುಹೋಗಿತ್ತು. ನಂಜನಗೂಡಿಗೆ ವರ್ಗ ಕೇಳಿ ಅರ್ಜಿ ಬರೆದಿದ್ದೆ. ಅದಕ್ಕೆ ಹೆಡ್‌ಮೇಷ್ಟ್ರ ಸಹಿ ಬೇಕು. ಅವರು "ನೋಡೋಣಮ್ಮ" ಅಂತ ಅದನ್ನು ಡ್ರಾಯರಿಗೆ ಹಾಕಿ ಆರು ತಿಂಗಳಾಗಿತ್ತು. ನಾನು ಹೋದರೆ ಸೈನ್ಸಿಗೆ ಗತಿಯಿಲ್ಲ ಅನ್ನೋದು ಅವರ ವಾದ.

೧. ಅಂಗೈ

ಮೈಯೆಲ್ಲ ಎಣ್ಣೆ ಗ್ರಂಥಿಗಳಿವೆ, ಅಂಗೈ ಅಂಗಾಲಲ್ಲಿ ಮಾತ್ರ ಇಲ್ಲ ಅಂತ ಗಂಟಲು ಹರಿಯೋ ಹಾಗೆ ಹೇಳಿದ್ದೆ. ಟೆಸ್ಟಿನಲ್ಲಿ "ಅಂಗೈಯಲ್ಲಿ ಎಣ್ಣೆ ಗ್ರಂಥಿ ಇಲ್ಲದಿರುವುದರಿಂದ ಏನು ಉಪಯೋಗ?" ಅಂತ ಕೇಳಿದೆ. ಹಿಡಿತ ಜಾರೋದಿಲ್ಲ ಅಂತ ಬರೀಬೇಕು.

ಒಬ್ಬ ಮಹಾನುಭಾವ ಬರೆದಿದ್ದ: "ಮಿಸ್ಸು ಹೊಡೆಯುವ ಏಟು ಜಾರುವುದಿಲ್ಲ."

ಅರ್ಧ ಮಾರ್ಕು ಕೊಟ್ಟೆ. ಇನ್ನೇನು ಮಾಡಲಿ?

೨. ಹರಳೆಣ್ಣೆ

ಒಂದು ಬೆಳಿಗ್ಗೆ ಒಬ್ಬ ತಾಯಿ ಮಗಳ ಜಡೆ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದಳು.

"ಏನ್ ಟೀಚರಮ್ಮ, ತಲೇಲಿ ಎಣ್ಣೆ ತಾನೇ ಬತ್ತದೆ ಅಂತ ಯೋಳ್ಕೊಟ್ಟಿದ್ದೀರಂತೆ? ಇವ್ಳು ಅರಳೆಣ್ಣೆ ಅಚ್ಚುಸ್ಕಳಲ್ಲ ಅಂತ ಅಟ ಇಡ್ದವ್ಳೆ!"

"ಬರುತ್ತೆ ಕಣಮ್ಮ, ಕೂದಲ ಬುಡದಲ್ಲಿ ಪುಟ್ಟ ಗ್ರಂಥಿ ಇರುತ್ತೆ. ಸ್ವಲ್ಪ ಸ್ವಲ್ಪ ಒಸರುತ್ತೆ."

ಆಕೆ ನನ್ನ ತಲೆಯನ್ನೇ ದಿಟ್ಟಿಸಿದಳು. ಎರಡು ಬಸ್ಸಿನ ಧೂಳು ತಿಂದ ನನ್ನ ಕೂದಲು ತೆಂಗಿನ ನಾರಾಗಿತ್ತು.

"ನಿಮ್ದು ಯಾವಾಗ ನಿಂತೋಯ್ತು?" ಅಂದಳು.

೩. ಸಿಲಬಸ್

"ಮಿಸ್, ಕೂದ್ಲು ಉದುರೋದ್ರೆ ಗ್ರಂಥೀನೂ ಓಯ್ತದಾ?" ಅಂತ ಹಿಂದಿನ ಬೆಂಚಿನವನು ಕೇಳಿದ. ನಿಜಕ್ಕೂ ಒಳ್ಳೆ ಪ್ರಶ್ನೆ. ಖುಷಿಯಾಗಿ, "ಇಲ್ಲಪ್ಪ, ಕೂದಲು ಹೋದರೂ ಗ್ರಂಥಿ ಉಳಿದಿರುತ್ತೆ. ಅದಕ್ಕೇ ಬೋಳುತಲೆ ಹಾಗೆ ಹೊಳೆಯೋದು" ಅಂದೆ.

ಇಡೀ ಕ್ಲಾಸು ಬಾಗಿಲ ಕಡೆ ನೋಡಿ ಕಿಸಕ್ಕನೆ ನಕ್ಕಿತು. ತಿರುಗಿದೆ. ಹೆಡ್‌ಮೇಷ್ಟ್ರು ನಿಂತಿದ್ದರು. ಅವರ ತಲೆಯಲ್ಲಿ ನಮ್ಮ ಕಿಟಕಿಯ ಸರಳುಗಳೂ ಕಾಣುತ್ತಿದ್ದವು.

"ನನ್ನ ತಲೆ ಯಾವ ಕ್ಲಾಸಿನ ಸಿಲಬಸ್ಸಮ್ಮ?" ಅಂದರು.

ನನ್ನ ಅರ್ಜಿ ಡ್ರಾಯರಿನ ತಳಕ್ಕೆ ಹೋಯಿತು.

೪. ಹಾರ

ಇಷ್ಟಾದ ಮೇಲಾದರೂ ಬಾಯಿಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ತೆಳು ಹಾಳೆಯನ್ನು ಹಣೆಗೆ ಉಜ್ಜಿ ಬೆಳಕಿಗೆ ಹಿಡಿದರೆ ಎಣ್ಣೆಯ ಗುರುತು ಕಾಣುತ್ತದೆ, ಅದನ್ನು ಮಾಡಿಸಲು ಹೊರಟೆ. ಎಲ್ಲರ ತಲೆಯಿಂದಲೂ ಹರಳೆಣ್ಣೆ ಹಣೆಗಿಳಿದು ಹಾಳೆಗಳು ಬೋಂಡ ಕಟ್ಟಿದ ಪೇಪರಿನ ಹಾಗಾದವು. ರೇಗಿಹೋಯಿತು. "ನಾಳೆ ಎಲ್ಲರೂ ತಲೆಗೆ ಸ್ನಾನ ಮಾಡಿ ಬರಬೇಕು. ಒಂದು ತೊಟ್ಟು ಎಣ್ಣೆ ಹಚ್ಚಿದ್ರೆ ಕ್ಲಾಸಿಗೆ ಸೇರಿಸಲ್ಲ!" ಅಂದೆ.

ಮಾರನೇ ದಿನ ನಲವತ್ತು ಮಕ್ಕಳೂ ಹಾಗೇ ಬಂದರು. ಹುಡುಗಿಯರಂತೂ ಒದ್ದೆ ಕೂದಲು ಇಳಿಬಿಟ್ಟುಕೊಂಡು ಸಾಲಾಗಿ ಊರ ನಡುವೆ ನಡೆದು ಬಂದರು. ಆ ಊರಲ್ಲಿ ಬೆಳಬೆಳಿಗ್ಗೆ ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಮುಟ್ಟದೆ ಬರೋದು ಸಾವಿನ ಮನೆಯ ಸೂತಕಕ್ಕೆ ಮಾತ್ರ. ಯಾವ ಮನೆಯಲ್ಲೂ ಸಾವಾಗಿಲ್ಲ, ಹಾಗಾದರೆ ಸ್ಕೂಲಲ್ಲೇ ಆಗಿರಬೇಕು! ಹೆಡ್‌ಮೇಷ್ಟ್ರು ಬೇರೆ ಜ್ವರ ಅಂತ ಮೂರು ದಿನದಿಂದ ನರಸೀಪುರದ ಮನೆಯಲ್ಲೇ ಇದ್ದರು. ಊರಿನವರಿಗೆ ಇನ್ನೇನು ಬೇಕು?

ನಾನು ಹಾಳೆ ಹಂಚುವಷ್ಟರಲ್ಲಿ ಸ್ಕೂಲಿನ ಮುಂದೆ ಐವತ್ತು ಜನ. ಪಂಚಾಯ್ತಿ ಚೇರ್ಮನ್ನರ ಕೈಯಲ್ಲಿ ತೋಳು ದಪ್ಪದ ಹಾರ. ನರಸೀಪುರಕ್ಕೆ ಹೊರಡಲು ಟೆಂಪೋ ಕೂಡ ಬಂದಿತ್ತು.

"ಚಿನ್ನದಂಥಾ ಮನ್ಸ ಕಣವ್ವಾ! ಎಂಗಾಯ್ತು?" ಅಂತ ಒಬ್ಬ ಅಜ್ಜಿ ನನ್ನ ಕೈಹಿಡಿದು ಅಳತೊಡಗಿದಳು. ಯಾರು, ಏನು ಅಂತ ನಾನು ಕೇಳುವುದರೊಳಗೆ ಹತ್ತೂವರೆ ಬಸ್ಸು ಬಂದು ನಿಂತಿತು.

ಹೆಡ್‌ಮೇಷ್ಟ್ರು ಇಳಿದರು.

ಜನರನ್ನು ನೋಡಿದರು, ಹಾರ ನೋಡಿದರು, ಅವರ ಮುಖ ಅರಳಿತು. "ಅಯ್ಯೋ, ಬರೀ ಜ್ವರ ಬಿಟ್ಟಿದ್ದಕ್ಕೆ ಇಷ್ಟೆಲ್ಲ ಯಾಕ್ರಪ್ಪಾ!" ಅಂತ ನಾಚಿಕೊಂಡು ಚೇರ್ಮನ್ನರ ಮುಂದೆ ಕತ್ತು ಬಗ್ಗಿಸಿ ನಿಂತರು. ಅಜ್ಜಿ ಚಿಟ್ಟನೆ ಚೀರಿದಳು. ಚೇರ್ಮನ್ನರು ಹಾರ ಹಾಕುವುದೋ ಬಿಡುವುದೋ ತಿಳಿಯದೆ ಟೆಂಪೋ ಡ್ರೈವರ್ ಮುಖ ನೋಡಿದರು.

ವಿಷಯ ತಿಳಿಯಲು ಐದು ನಿಮಿಷ ಹಿಡಿಯಿತು. ಹೆಡ್‌ಮೇಷ್ಟ್ರು ನನ್ನನ್ನು ಆಫೀಸಿಗೆ ಕರೆದರು. ಕೆಲಸವೇ ಹೋಯಿತು ಅಂದುಕೊಂಡು ಹಿಂದೆ ಹೋದೆ. ಅವರು ಡ್ರಾಯರಿನ ತಳಕ್ಕೆ ಕೈಹಾಕಿ ನನ್ನ ಅರ್ಜಿ ಎಳೆದು, ಸಹಿ ಹಾಕಿ, ಸೀಲನ್ನೂ ತಾವೇ ಒತ್ತಿದರು.

"ಸಾರ್, ಸೈನ್ಸಿಗೆ ಯಾರೂ ಇಲ್ಲ ಅಂತಿದ್ರಿ..." ಅಂದೆ.

"ಸೈನ್ಸ್ ಇಲ್ಲದಿದ್ರೆ ಪರವಾಗಿಲ್ಲಮ್ಮ," ಅಂದರು. "ನಾನಾದ್ರೂ ಇರಬೇಕಲ್ಲ!"