ಕುರಿ, ಒಗ್ಗರಣೆ ಮತ್ತು ಸ್ವಿಟ್ಜರ್ಲೆಂಡ್ ವೀಸಾ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಯಾರಾದರೊಬ್ಬರು ಸ್ವಿಟ್ಜರ್ಲೆಂಡಿಗೆ ಹೊರಡುತ್ತಾರೆ. ಹೊರಟವರು ಏನಾದರೊಂದು ಮಾಡುತ್ತಾರೆ. ಅದು ಸುತ್ತಿ ಬಳಸಿ ನನ್ನ ಫೋನಿಗೇ ಬರುತ್ತದೆ. 'ಈ ಸಲ ಎಲ್ಲ ಸರಿಯಾಗಿ ಬರೆದುಕೊಟ್ಟಿದ್ದೇನೆ, ಇನ್ನೇನೂ ಆಗುವುದಿಲ್ಲ' ಎಂದು ವರ್ಷವರ್ಷವೂ ಅಂದುಕೊಳ್ಳುತ್ತೇನೆ. ಆಗುತ್ತದೆ.

ನಾನು ಟ್ರಾವೆಲ್ ಏಜೆಂಟ್ ಅಲ್ಲ. ಶಿಕಾರಿಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವಳು. ಕಲಿಯುವವರೇ ಇಲ್ಲದೆ ಅದಕ್ಕೆ ಬೀಗ ಹಾಕಿ ಕೂತಿದ್ದಾಗ, ಬಸ್ ಸ್ಟ್ಯಾಂಡ್ ಹತ್ತಿರದ ಟ್ರಾವೆಲ್ ಏಜೆಂಟರು ಮನೆಗೆ ಬಂದು, "ಮೇಡಂ, ನಿಮ್ಮ ಇಂಗ್ಲಿಷು ಸುಮ್ನೆ ಕೂತೈತಿ. ನಮ್ಮ ವೀಸಾ ಅರ್ಜಿ ತುಂಬಿಕೊಡ್ರಿ" ಅಂದರು. ಆಮೇಲೆ ಸೊರಬದ ಭಾಯ್ ಸೇರಿಕೊಂಡರು. ಅವರ ಮನೆಯವರೆಲ್ಲ ದರ್ಜಿಗಳು. ಇವರೊಬ್ಬರು ಜನರನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕಳಿಸುತ್ತಾ ಕಳಿಸುತ್ತಾ ಏಜೆಂಟರಾದವರು. ಯಾವ ದಿನ ಯಾವ ಊರು, ಯಾವ ರೈಲು, ಯಾವ ಹೋಟೆಲು, ಯಾವ ಕಾಗದ ಎಂಬುದನ್ನೆಲ್ಲ ನಾನು ಕೂತು ಹೊಂದಿಸಿಕೊಡುತ್ತೇನೆ. ಅವರಿಬ್ಬರೂ ಕರೆಯದಿದ್ದರೆ ನಾನು ಈಗಲೂ ಟಿ.ವಿ. ಮುಂದೆ ಕೂತು ತೂಕಡಿಸುತ್ತಿರುತ್ತಿದ್ದೆ. ಹಾಗಾಗಿ ಇವನ್ನೆಲ್ಲ ನೆನೆಸಿಕೊಂಡಾಗ ನಗು ಬರುತ್ತದೆ, ಜೊತೆಗೆ ಕೈ ಮುಗಿಯೋಣ ಅಂತಲೂ ಅನ್ನಿಸುತ್ತದೆ.

ನಗಬಾರದ ಫೋಟೋ

ವೀಸಾ ಫೋಟೋದಲ್ಲಿ ನಗುವಂತಿಲ್ಲ. ಬಾಯಿ ಮುಚ್ಚಿರಬೇಕು, ಹಲ್ಲು ಕಾಣಬಾರದು. ಹೊಸಬಾಳೆಯ ರೈತರೊಬ್ಬರು ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹೆಂಡತಿಯನ್ನು ಕರೆದುಕೊಂಡು ಹೊರಟಿದ್ದರು. ಫೋಟೋ ತೆಗೆಸಲು ಭಾಯ್ ಅವರಿಬ್ಬರನ್ನೂ ನನ್ನನ್ನೂ ಸೊರಬದ ಸ್ಟುಡಿಯೋಗೆ ಕರೆದೊಯ್ದರು. ಗಂಡನ ಫೋಟೋ ಒಂದೇ ಸಲಕ್ಕೆ ಮುಗಿಯಿತು. ಅವರ ಮುಖವೇ ಹಾಗೆ. ಹೆಂಡತಿಗೆ ಮಾತ್ರ 'ನಗಬೇಡಿ' ಅಂದರೆ ಸಾಕು, ನಗು ಉಕ್ಕಿ ಬರುತ್ತಿತ್ತು. ಎಂಟು ಸಲ ತೆಗೆದರೂ ಎಂಟರಲ್ಲೂ ಹಲ್ಲು.

ಫೋಟೋಗ್ರಾಫರ್ ಬೆವರು ಒರೆಸಿಕೊಂಡು, "ಅಮ್ಮಾ, ಏನಾದ್ರೂ ದುಃಖದ್ದು ನೆನಪು ಮಾಡ್ಕೊಳ್ಳಿ" ಅಂದರು.

ಆಕೆ ಕಣ್ಣು ಮುಚ್ಚಿ ಯೋಚಿಸಿ, ಮತ್ತೆ ಕಿಸಕ್ಕನೆ ನಕ್ಕರು. "ನಮ್ಮ ಮದುವೆ ನೆನಪಾಯ್ತು!"

ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಗಂಡ ನಿಧಾನವಾಗಿ ಹೇಳಿದರು: "ಹೇಳೋದೇ ಮರ್ತಿದ್ದೆ ಮಾರಾಯ್ತಿ. ನಮ್ಮ ಅಕ್ಕನೂ ಜೊತೆಗೆ ಬರ್ತಾಳಂತೆ."

ಆಕೆಯ ಮುಖದಿಂದ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕ್ಲಿಕ್! ಇಷ್ಟು ವರ್ಷದಲ್ಲಿ ನಾನು ಕಂಡ ಅತಿ ಸರಿಯಾದ ವೀಸಾ ಫೋಟೋ ಅದು. "ಸುಳ್ಳು ಕಣೇ" ಎಂದು ಗಂಡ ಹೇಳಿದ ಮೇಲೆ ಆಕೆ ಮತ್ತೆ ಐದು ನಿಮಿಷ ನಕ್ಕರು.

ನಾಲ್ಕು ದಿನ ಬಿಟ್ಟು ಭಾಯ್ ಫೋನ್ ಮಾಡಿದರು. "ಮೇಡಂ, ಒಬ್ಬ ಅಮ್ಮ ಪಾಸ್‌ಪೋರ್ಟ್ ಹಿಡ್ಕೊಂಡು ಬಂದು ಕೂತಿದಾರೆ. ಹೊಸಬಾಳೆಯವರ ಅಕ್ಕ ಅಂತೆ. ತಮ್ಮ ಕರ್ಕೊಂಡು ಹೋಗ್ತಾನೆ ಅಂತ ಸ್ಟುಡಿಯೋದವ್ರು ಹೇಳಿದ್ರಂತೆ!"

ವೀಸಾಕ್ಕಿಂತ ಮೊದಲೇ

ಶಿಕಾರಿಪುರದ ಗೊಬ್ಬರದ ಅಂಗಡಿ ಮಾಲೀಕರು ಅರ್ಜಿ ಹಾಕಿದ ದಿನದಿಂದಲೇ ಬೀದಿಗೆಲ್ಲ ಸುದ್ದಿ ಹೇಳಿದ್ದರು. ಅದರಲ್ಲೂ ಪಕ್ಕದ ಟೀ ಅಂಗಡಿಯವರಿಗೆ ದಿನಕ್ಕೆರಡು ಸಲ. ಒಂದು ದಿನ ಕ್ಯಾಸನೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. "ಹೋಗಿ ಬರ್ತೀನಿ, ಅಂಗಡಿ ಕಡೆ ನೋಡ್ಕಳ್ರಿ" ಎಂದು ಟೀ ಅಂಗಡಿಯವರ ಕೈಗೆ ಕೀಲಿ ಕೊಟ್ಟು ಹೋದರು.

ವೀಸಾ ಕಚೇರಿಯವರು ವಿಚಾರಣೆಗೆಂದು ಅಂಗಡಿಗೆ ಫೋನ್ ಮಾಡಿದ್ದು ಅದೇ ದಿನ. ಟೀ ಅಂಗಡಿಯವರು ಫೋನೆತ್ತಿ, ಬಂದಷ್ಟು ಹಿಂದಿಯಲ್ಲಿ, ಬಹಳ ಹೆಮ್ಮೆಯಿಂದ, ಸಾಹುಕಾರರು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾರೆ ಅಂದುಬಿಟ್ಟರು.

ಸಂಜೆಯೊಳಗೆ ಏಜೆಂಟರಿಗೆ ಒಂದು ಇ-ಮೇಲ್ ಬಂತು. ಅವರು ಅದನ್ನು ಹಿಡಿದು ನನ್ನ ಮನೆಗೆ ಓಡಿ ಬಂದರು. ಅದರ ಸಾರಾಂಶ ಇಷ್ಟೇ: 'ಅರ್ಜಿದಾರರ ಪಾಸ್‌ಪೋರ್ಟ್ ನಮ್ಮ ಮೇಜಿನ ಮೇಲಿದೆ. ಅರ್ಜಿದಾರರು ಅಲ್ಲಿಗೆ ತಲುಪಿದ್ದು ಹೇಗೆ?'

"ಮುಗೀತ್ರೀ ಮೇಡಂ, ನನ್ನ ಅಂಗಡಿ ಮುಗೀತು" ಎಂದು ಏಜೆಂಟರು ಕುರ್ಚಿಯಲ್ಲಿ ಕುಸಿದರು. ನಾನು ಅವರಿಗೆ ನೀರು ಕೊಟ್ಟು, ವಿವರಣೆ ಬರೆಯಲು ಕೂತೆ. ಮಾಲೀಕರಿಗೆ ಫೋನ್ ಮಾಡಿ, ಅವತ್ತಿನ ಪೇಪರ್ ಹಿಡಿದುಕೊಂಡು ಕ್ಯಾಸನೂರಿನ ಬೋರ್ಡಿನ ಕೆಳಗೆ ನಿಂತು ಒಂದು ಫೋಟೋ ಕಳಿಸಿ ಅಂದೆ. ಕಳಿಸಿದರು. ಯಾರೋ ಅಪಹರಿಸಿಕೊಂಡು ಹೋಗಿ ನಿಲ್ಲಿಸಿದಂತೆ ಇದ್ದರು, ಪಾಪ. ಕಚೇರಿಯವರು ಒಳ್ಳೆಯವರು. ಅವರೂ ನಕ್ಕಿರಬೇಕು, ವಾರದಲ್ಲಿ ವೀಸಾ ಕೊಟ್ಟರು.

ಅವರು ನಿಜವಾಗಿ ವಿಮಾನ ಹತ್ತಿದ ಮರುದಿನ ನಾನು ಬೇಕೆಂದೇ ಅಂಗಡಿಗೆ ಫೋನ್ ಮಾಡಿ, ದನಿ ಬದಲಾಯಿಸಿ ಹಿಂದಿಯಲ್ಲಿ, ಮಾಲೀಕರು ಇದ್ದಾರಾ ಎಂದು ಕೇಳಿದೆ. ಟೀ ಅಂಗಡಿಯವರು ಒಂದು ಕ್ಷಣವೂ ತಡವರಿಸಲಿಲ್ಲ. "ಕ್ಯಾಸನೂರ್! ಕ್ಯಾಸನೂರ್ ಗಯಾ!"

ಒಗ್ಗರಣೆ

ಒಂದು ವರ್ಷ ಭಾಯ್ ಕಳಿಸಿದ ಗುಂಪಿನಲ್ಲಿ ಸೊರಬದ ಬಟ್ಟೆ ಅಂಗಡಿಯ ಭಾಭಿಯ ಕುಟುಂಬ ಇತ್ತು, ನಿವೃತ್ತ ಟೀಚರಮ್ಮ ಒಬ್ಬರಿದ್ದರು. ಭಾಭಿಗೆ ಹಲಾಲ್ ಊಟವೇ ಆಗಬೇಕು, ಟೀಚರಮ್ಮನಿಗೆ ಮೊಟ್ಟೆಯ ವಾಸನೆಯೂ ಆಗದು. ಇಬ್ಬರಿಗೂ ಹೊಂದುವ ಊಟದ ಜಾಗ ಹುಡುಕಲು ನಾನು ಒಂದು ತಿಂಗಳು ಕಂಪ್ಯೂಟರ್ ಮುಂದೆ ಕೂತಿದ್ದೆ. 'ಹೋಟೆಲ್ ರೂಮಿನಲ್ಲಿ ಸ್ಟವ್ ಹಚ್ಚಬೇಡಿ' ಎಂದು ಕೆಂಪಕ್ಷರದಲ್ಲಿ ಬರೆದೂ ಕೊಟ್ಟಿದ್ದೆ.

ನಾಲ್ಕನೇ ದಿನ ಹೋಟೆಲಿನ ಬೆಂಕಿ ಗಂಟೆ ಹೊಡೆಯಿತು. ಎಲ್ಲರೂ ಪಾಸ್‌ಪೋರ್ಟ್, ಬ್ಯಾಗು ಹಿಡಿದು ಬೀದಿಗೆ ಓಡಿದರು. ಭಾಭಿ ಮತ್ತು ಟೀಚರಮ್ಮ ಆಚೆಗೊಬ್ಬರು ಈಚೆಗೊಬ್ಬರು ಬಟ್ಟೆಯಲ್ಲಿ ಹಿಡಿದು ಸಾರಿನ ಪಾತ್ರೆ ಎತ್ತಿಕೊಂಡು ಬಂದರು. ಇಂಗಿನ ಘಮ ಅವರಿಗಿಂತ ಮೊದಲೇ ಬಂದಿತ್ತಂತೆ. ಬೆಂಕಿ ಆರಿಸುವವರು ಏನು ಸುಟ್ಟಿತು ಎಂದು ಕೇಳಿದಾಗ ಭಾಭಿಯ ಮಗಳು ತಲೆ ತಗ್ಗಿಸಿ, "ಒಣಮೆಣಸಿನಕಾಯಿ" ಎಂದು ವಿವರಿಸಿದಳಂತೆ.

ಒಂದೇ ಊರಿನಲ್ಲಿ ಇದ್ದೂ ಆ ತನಕ ಆ ಇಬ್ಬರು ಹೆಂಗಸರು ಒಬ್ಬರೊಡನೊಬ್ಬರು ಮಾತಾಡಿದವರಲ್ಲ. ಈಗ ಹಬ್ಬ ಬಂದರೆ ಆ ಮನೆಯಿಂದ ಈ ಮನೆಗೆ ಡಬ್ಬಿ ಓಡಾಡುತ್ತದೆ. ನನ್ನ ಮನೆಗೂ ಒಂದು ಬರುತ್ತದೆ. ಆದರೂ ಅವರು ಪ್ರವಾಸದಿಂದ ತಿರುಗಿ ಬಂದಾಗ ನಾನು ಗದರಿಸದೆ ಬಿಡಲಿಲ್ಲ. "ಕೆಂಪಕ್ಷರದಲ್ಲಿ ಬರೆದಿದ್ದೆನಲ್ಲ, ಓದಲಿಲ್ವಾ?"

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಓದಿದ್ವಲ್ಲ. ಸ್ಟವ್ ಹಚ್ಚಬೇಡಿ ಅಂತ ಬರೆದಿದ್ರಿ. ನಾವು ಹಚ್ಚಲಿಲ್ಲ. ಕರೆಂಟ್ ಒಲೆ ತಗೊಂಡು ಹೋಗಿದ್ವಿ. ಸ್ವಿಚ್ ಹಾಕಿದ್ವಿ."

ಉಡುತಡಿಯವರು

ಉಡುತಡಿಯಲ್ಲಿ ಕುರಿ ಸಾಕುವ ಗಂಡಹೆಂಡತಿ ಇದ್ದಾರೆ. ಅಪ್ಪ ಅಮ್ಮ ಒಂದು ದಿನವೂ ಎಲ್ಲಿಗೂ ಹೋದವರಲ್ಲ ಎಂದು ಇಬ್ಬರು ಹೆಣ್ಣುಮಕ್ಕಳು ಸೇರಿ ಅವರನ್ನು ಹೊರಡಿಸಿದರು. ಶಿಕಾರಿಪುರದ ಏಜೆಂಟರು ಯಜಮಾನರನ್ನು ನನ್ನ ಹತ್ತಿರ ಕರೆತಂದರು. ವೀಸಾ ಅರ್ಜಿಗೆ, ಈ ಮನುಷ್ಯ ಖಂಡಿತ ವಾಪಸ್ ಬರುತ್ತಾನೆ ಎನ್ನುವುದಕ್ಕೆ ಆಧಾರ ತೋರಿಸಬೇಕು. ಅವರು ಪಹಣಿ ತಂದಿದ್ದರು.

"ಇನ್ನೇನಾದ್ರೂ ಇದೆಯಾ?" ಅಂದೆ.

"ನಲವತ್ತು ಕುರಿ ಅದಾವಲ್ರೀ. ಅವನ್ನ ಬಿಟ್ಟು ನಾನು ಅಲ್ಲೇನ್ ಮಾಡ್ಲಿ?"

ನಾನು ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ವೀಸಾ ಬಂತು.

ಆರನೇ ದಿನ ಮಧ್ಯಾಹ್ನ ಏಜೆಂಟರ ಫೋನು. "ಮೇಡಂ, ಉಡುತಡಿ ಯಜಮಾನ್ರು ಕಾಣೆಯಾಗ್ಯಾರ್ರೀ! ಬೆಟ್ಟದ ಮೇಲೆ ಅರ್ಧ ಗಂಟೆ ಬಸ್ ನಿಲ್ಸಿದ್ರಂತೆ. ಎಲ್ರೂ ಬಂದಾರೆ, ಇವರೊಬ್ರು ಇಲ್ಲ. ವಾಪಸ್ ಬರ್ತಾರೆ ಅಂತ ಬರ್ಕೊಟ್ಟೋರು ನಾವು. ಇನ್ಮೇಲೆ ನಮ್ಮೂರಿನ ಒಬ್ರಿಗೂ ವೀಸಾ ಸಿಗಲ್ಲ!"

ವೀಸಾ ಹಾಳಾಗಲಿ, ಭಾಷೆ ಬರದ ದೇಶದಲ್ಲಿ, ಆ ಚಳಿಯಲ್ಲಿ ಎಲ್ಲಾದರೂ ಜಾರಿ ಬಿದ್ದಿದ್ದರೆ? ಕೂಡಲೇ ಅವರ ಹೆಂಡತಿಯ ಫೋನಿಗೆ ಕರೆ ಮಾಡಿದೆ. ಆಕೆ ಬಸ್ಸಿನಲ್ಲಿ ಕೂತಿದ್ದರು.

"ಅಮ್ಮಾ, ಯಜಮಾನ್ರು ಎಲ್ಲಿ?"

"ಇಲ್ಲೇ ಎಲ್ಲೋ ಕುರಿ ಇರ್ಬೇಕು, ನೋಡಕ್ಕೆ ಹೇಳ್ರಿ" ಅಂದರು, ಒಂದಿಷ್ಟೂ ಗಾಬರಿಯಿಲ್ಲದೆ.

ಗುಂಪಿನ ಜೊತೆ ಹೋಗಿದ್ದ ಟೂರ್ ಮ್ಯಾನೇಜರಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಅವರು ಇಳಿಜಾರಿನ ಆಚೆ ಹೋಗಿ ನೋಡಿದರೆ ನಮ್ಮ ಯಜಮಾನರು ಮಂಡಿಯ ನಡುವೆ ಒಂದು ದಪ್ಪ ಕುರಿಯನ್ನು ಅವುಚಿ ಹಿಡಿದು ಕೂತಿದ್ದಾರೆ. ಅಲ್ಲಿನ ಮುದುಕ ಕುರಿಗಾಹಿಯೊಬ್ಬ ಅದರ ಗೊರಸಿನೊಳಗೆ ಸಿಕ್ಕಿದ ಕಲ್ಲು ತೆಗೆಯುತ್ತಿದ್ದಾನೆ. ಇವರದು ಕನ್ನಡ, ಅವನದು ಜರ್ಮನ್. ಇಬ್ಬರೂ ಬಾಯಿ ತುಂಬ ಮಾತಾಡುತ್ತಿದ್ದಾರೆ. ಮ್ಯಾನೇಜರ್ ಕೂಗಿದರೆ, "ತಡೀರಿ, ಈಗ ಬಿಟ್ರೆ ಓಡಿ ಹೋಗ್ತೈತಿ" ಅಂದರಂತೆ. ಸುದ್ದಿ ಕೇಳಿ ಏಜೆಂಟರು ಫೋನಿನಲ್ಲೇ ಅತ್ತರು. ನಾನೂ ಅತ್ತೆ, ಹೇಳಿಕೊಳ್ಳಲಿಲ್ಲ ಅಷ್ಟೆ.

ಊರಿಗೆ ಬಂದ ಮೇಲೆ ಗಂಡಹೆಂಡತಿ ಇಬ್ಬರೂ ನನ್ನ ಮನೆಗೆ ಬಂದರು. ಆ ಕುರಿಗಾಹಿ ಕೊಟ್ಟ ಚೀಸಿನಲ್ಲಿ ನನಗೂ ಒಂದು ತುಂಡು ತಂದಿದ್ದರು. ಯಜಮಾನರು ಕೈ ಮುಗಿದು, "ನಿಮ್ಮಿಂದ ದೊಡ್ಡ ಉಪಕಾರ ಆತ್ರೀ" ಅಂದರು. ಕೂತಲ್ಲೇ ಅವರ ಕಣ್ಣಿನಿಂದ ಬೆಟ್ಟ ನೋಡಿದವಳು ನಾನು. ಉಪಕಾರ ಯಾರಿಗೆ ಯಾರಿಂದ ಎಂದು ಹೇಗೆ ಹೇಳಲಿ? ಮಾತು ತಪ್ಪಿಸಲು ಹೆಂಡತಿಯ ಕಡೆ ತಿರುಗಿ, "ನಿಮಗೆ ಏನು ಹಿಡಿಸ್ತು ಅಮ್ಮಾ? ಹಿಮವೋ, ರೈಲೋ?" ಎಂದು ಕೇಳಿದೆ.

ಆಕೆ ಗಂಡನನ್ನೊಮ್ಮೆ ನೋಡಿ, ಸೆರಗು ಬಾಯಿಗೆ ಹಿಡಿದು ಹೇಳಿದರು: "ಇವರು ಕುರಿ ಹಿಂದೆ ಹೋದಾಗ ನಾನೊಬ್ಬಳೇ ಬಸ್ಸಿನಾಗೆ ಕೂತಿದ್ದೆ ನೋಡ್ರಿ. ಮದುವೆ ಆದ ಮೇಲೆ ಅಷ್ಟೊತ್ತು ಆರಾಮ ಕೂತಿದ್ದು ಅದೇ ಮೊದ್ಲು. ಮುಂದಿನ ಬೇಸಿಗೆಗೂ ಕುರಿ ಜಾಸ್ತಿ ಇರೋ ದೇಶಾನೇ ಹುಡುಕ್ರಿ ಮೇಡಂ!"