ಏಳನೇ ಗಂಟಿನ ಮಹಾಪೂರ

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಊರೂರು ತಿರುಗಿದವನು ನಾನು. ಎಲ್ಲಿ ಹೋದರೂ ಜನ ಮೊದಲು ನನ್ನನ್ನು ಸಂಶಯದಿಂದ ನೋಡುತ್ತಾರೆ, ಆಮೇಲೆ ಚಹಾ ಕೊಡುತ್ತಾರೆ. ಎಂಬತ್ತರ ದಶಕದಲ್ಲಿ ನವಲಗುಂದದ ಕಡೆಯ ಒಂದು ಊರಿನಲ್ಲಿ ಮಾತ್ರ ಆ ಚಹಾ ಬರುವುದಕ್ಕೆ ಎಂಟು ದಿನ ಹಿಡಿಯಿತು.

೧

ಕಾಲೇಜಿನ ಸಾಹೇಬರೊಬ್ಬರು ಕೆರೆಯ ತಳದ ಕೆಸರು ಪರೀಕ್ಷೆಗೆಂದು ಬಂದಿದ್ದರು. ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ ಎತ್ತುವ ಕೆಲಸ ನನ್ನದು. ಆ ಊರಿನ ಬಾವಿಗಳೆಲ್ಲ ಸವಳು, ಕುಡಿಯಲು ಕೆರೆಯೊಂದೇ. ಅದನ್ನು ಕಾಯುತ್ತಿದ್ದ ಅಜ್ಜ ದಂಡೆಯ ಮೇಲೆ ಕೂತು, "ತಳದಾಗ ಬಂಗಾರ ಐತೇನ್ರಿ?" ಎಂದ. ಬಂಗಾರ ಸಿಕ್ಕರೆ ಸರ್ಕಾರ ಕೆರೆ ಕಸಿದುಕೊಳ್ಳುತ್ತದೆ, ಊರು ಸವಳು ಕುಡಿಯಬೇಕಾಗುತ್ತದೆ ಎಂಬುದು ಅವನ ಭಯ.

ಸಾಹೇಬರು ಬಿಡಿಸಿ ಹೇಳಿದರು. ಜಿರ್ಕೋನಿಯಂ ಎಂಬ ಧಾತು ದಪ್ಪ ಹರಳಿನಲ್ಲಿ ಹೆಚ್ಚು, ರುಬಿಡಿಯಂ ಎಂಬುದು ನುಣ್ಣನೆಯ ಜೇಡಿಯಲ್ಲಿ ಹೆಚ್ಚು. ಯಂತ್ರದಲ್ಲಿ ಎರಡನ್ನೂ ಅಳೆದು ಹೋಲಿಸಿದರೆ ಆ ಪದರದ ಮಣ್ಣು ದಪ್ಪವೋ ನುಣುಪೋ ತಿಳಿಯುತ್ತದೆ. ದಪ್ಪವಿದ್ದರೆ ಆ ಕಾಲದಲ್ಲಿ ನೀರು ರಭಸದಿಂದ ಬಂದಿತ್ತು ಎಂದರ್ಥ.

ಅಜ್ಜ ಒಂದಿಷ್ಟು ಕೆಸರು ಬೆರಳಲ್ಲಿ ತಿಕ್ಕಿದ, ಚೂರು ಹಲ್ಲಿಗಿಟ್ಟು ಕಡಿದ. "ನುಣ್ಣಗೈತಿ. ಇಷ್ಟಕ್ಕ ಯಂತ್ರ ಬೇಕಂದ್ರ ನೀವು ಮತ್ತೇನೋ ಹುಡುಕಾಕತ್ತೀರಿ."

೨

ಆ ಕೆರೆಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ. ಸಾಹೇಬರು ಬೂಟು ಬಿಚ್ಚಿ ದಂಡೆಯ ಮೇಲಿಟ್ಟರು. ಸಂಜೆ ಮೇಲೆ ಬಂದರೆ ಬೂಟು ಅಜ್ಜನ ಕಂಕುಳಲ್ಲಿ. ಮೊದಲು ಕಿಸೆ ತೋರಿಸಬೇಕಂತೆ. ಕಿಸೆಯಲ್ಲಿದ್ದದ್ದು ಒದ್ದೆಯಾದ ಬಸ್ ಟಿಕೀಟು. ಅದನ್ನೂ ಬಿಸಿಲಿಗೆ ಹಿಡಿದು ನೋಡಿ ಬೂಟು ಕೊಟ್ಟ. ಚೇಳು ಗೀಳು ಹೊಕ್ಕಿದ್ದೀತೆಂದು ಸಾಹೇಬರು ಬೂಟಿನೊಳಗೆ ಕೈಹಾಕಿ ತಡವಿದರು. ಅಷ್ಟೇ ಸಾಕಾಯಿತು. ಅಜ್ಜ ಬೂಟು ಮತ್ತೆ ಕಸಿದುಕೊಂಡು, ಮೊಣಕೈತನಕ ತೋಳು ತೂರಿಸಿ ತಾನೂ ತಡವಿದ.

೩

ಎಂಟನೇ ದಿನ ಚಹಾದಂಗಡಿಯ ಕಾಕಾ ನನ್ನನ್ನು ಬಾಜು ಕರೆದು, "ನೀನರ ಖರೇ ಹೇಳಲೇ" ಎಂದ. ನನಗೆ ತಿಳಿದಷ್ಟು ಹೇಳಿದೆ. ಮೊರಬದ ಕಡೆಯಿಂದ ಬಸ್ಸು ಬಂತು ಅಂತ ತಿಳಿ. ಒಳಗೆ ರುಮಾಲು ಎಷ್ಟು, ಪ್ಯಾಂಟು ಎಷ್ಟು ಎಣಿಸು. ರುಮಾಲು ಹೆಚ್ಚಿದ್ದರೆ ಸಂತಿ ಬಸ್ಸು, ಪ್ಯಾಂಟು ಹೆಚ್ಚಿದ್ದರೆ ಆಫೀಸಿನ ಬಸ್ಸು. ಯಾರನ್ನೂ ಕೇಳಬೇಕಿಲ್ಲ. ಸಾಹೇಬರ ಲೆಕ್ಕವೂ ಹಾಗೇ.

ಕಾಕಾ ಸೌಟು ಕೆಳಗಿಟ್ಟು ವಿಚಾರ ಮಾಡಿದ. "ಬಸ್ಸಿನ್ಯಾಗ ಕುಂತು ರುಮಾಲು ಎಣಸಾಂವ ಅಂದ್ರ ಅಂವ ಸಿಐಡಿನ."

ಆವತ್ತೇ ನಮಗೆ ಮೊದಲ ಚಹಾ ಸಿಕ್ಕಿದ್ದು. ಅದರಲ್ಲಿ ಎರಡು ಪಟ್ಟು ಸಕ್ಕರೆ ಇತ್ತು.

೪

ಕೆಸರನ್ನು ಪದರ ಪದರವಾಗಿ ತುಂಡು ಮಾಡಿ, ನಂಬರು ಹಾಕಿ, ಅರಿವೆಯಲ್ಲಿ ಗಂಟು ಕಟ್ಟಿ, ಒಣಗಲೆಂದು ಅಜ್ಜನ ಪಡಸಾಲೆಯಲ್ಲೇ ನಾಲ್ಕು ದಿನ ಇಟ್ಟು ಒಯ್ದೆವು. ಎರಡು ತಿಂಗಳ ಮೇಲೆ ಸಾಹೇಬರು ನನ್ನನ್ನೂ ಕಟ್ಟಿಕೊಂಡು ಅಗದಿ ಗಡಿಬಿಡಿಯಿಂದ ಆ ಊರಿಗೆ ಬಂದರು. ಏಳನೇ ಗಂಟಿನಲ್ಲಿ ಜಿರ್ಕೋನಿಯಂ ವಿಪರೀತ ಏರಿತ್ತು, ರುಬಿಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಿಂದೊಮ್ಮೆ ಇಲ್ಲಿ ಮಹಾಪೂರವೇ ಬಂದಿರಬೇಕು, ಅಂಥದ್ದು ಇನ್ನೊಮ್ಮೆ ಬಂದರೆ ಈ ದಂಡೆ ತಾಳುವುದಿಲ್ಲ, ಕೆರೆ ಖಾಲಿ ಮಾಡಿಸಿರಿ ಎಂದು ಮೇಲಿನವರಿಗೆ ಬರೆಯುತ್ತೇನೆ ಎಂದರು.

ಅಜ್ಜ ಎದ್ದು ಸಾಹೇಬರ ಕೈ ಹಿಡಿದ. "ಬರೀಬ್ಯಾಡ್ರಿ. ಆ ಪೂರ ಕೆರಿಗೆ ಬಂದಿದ್ದಲ್ಲ. ನಮ್ಮ ಹಿತ್ತಲದಾಗ, ಹಿತ್ತಾಳಿ ಪರಾತದಾಗ ಬಂದಿದ್ದು."

ಪತ್ತಾರರು ಅಂಗಡಿಯ ಧೂಳು ತೊಳೆದು ಬಂಗಾರ ತೆಗೆಯುವ ಹಾಗೆ, ಅಜ್ಜ ಏಳನೇ ಗಂಟು ಬಿಚ್ಚಿ ಪರಾತದಲ್ಲಿ ತೊಳೆದಿದ್ದ. ನುಣ್ಣನೆಯ ಜೇಡಿಯೆಲ್ಲ ನೀರಿನ ಜೋಡಿ ಹೋಗಿತ್ತು. ತಳದಲ್ಲಿ ಉಳಿದ ದಪ್ಪ ಹರಳನ್ನೇ ಒಣಗಿಸಿ ಮತ್ತೆ ಕಟ್ಟಿಟ್ಟಿದ್ದ. ಗಂಟು ಸಣ್ಣದಾದದ್ದು ಒಣಗಿದ್ದಕ್ಕೆ ಅಂತ ನಾವು ತಿಳಕೊಂಡಿದ್ದೆವು.

ಸಾಹೇಬರು ಬರೆದಿಟ್ಟ ಕಾಗದ ಹರಿದರು. ಕೆರೆ ಉಳಿಯಿತೆಂದು ಖಾತ್ರಿಯಾದ ಮೇಲೆ ಅಜ್ಜ ಅವರ ಹತ್ತಿರ ಸರಿದು ದನಿ ಇಳಿಸಿದ.

"ಮೂರು ಸಲ ತೊಳದೇನ್ರಿ, ಗುಲಗಂಜಿಯಷ್ಟೂ ಸಿಗಲಿಲ್ಲ. ಈಗರ ಖರೇ ಹೇಳ್ರಿ ಸಾಹೇಬ್ರ, ನನಕಿಂತ ಮೊದಲ ತೊಳದಾವ್ರು ಯಾರು?"